ಒಬ್ಬರೇ ಇರುವವರಿಗೆ ಪುಟ್ಟ ಮನೆ: ಹುಡುಕುವ ಮೊದಲು ತಿಳಿದಿರಬೇಕಾದದ್ದು

ಒಂದು ಕೋಣೆ, ಒಂದು ಅಡುಗೆಮನೆ ಇದ್ದರೆ ಸಾಕು, ಎಲ್ಲಿಯಾದರೂ ಇದೆಯೇ ಎಂದು ಕೇಳಿಕೊಂಡು ಬರುವವರಿದ್ದಾರೆ. ಬೀಡಿ ಕಟ್ಟುವ ಅವಿವಾಹಿತ ಅಕ್ಕಂದಿರು, ವಿಧವೆಯರು, ಅಂಗಡಿಯಲ್ಲಿ ದುಡಿಯುವ ಒಂಟಿ ಗಂಡಸರು, ಖಾಸಗಿ ಶಾಲೆಯ ಶಿಕ್ಷಕಿಯರು. ಇವರನ್ನು ನಾವು ಮೊದಲು ವಿಚಾರಿಸುವುದು ಹುಟ್ಟಿದ ಮನೆಯ ಕಾಗದಪತ್ರಗಳ ಬಗ್ಗೆ.

ತಂದೆತಾಯಿ ತೀರಿಕೊಂಡ ಬಳಿಕ ಸಹೋದರರು ತಂದ ಕಾಗದಕ್ಕೆ ಮದುವೆಯಾಗದ ಅಕ್ಕ ಓದದೆಯೇ ರುಜು ಹಾಕುವುದುಂಟು. ಅದು ಹಕ್ಕು ಬಿಡುಗಡೆ ಪತ್ರವಾಗಿದ್ದರೆ ಆಕೆಯ ಪಾಲು ಅಲ್ಲಿಗೆ ಮುಗಿಯಿತು. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ ಪ್ರಕಾರ, ವಿಲ್ ಬರೆಯದೆ ತೀರಿಕೊಂಡ ಕ್ರೈಸ್ತ ತಂದೆತಾಯಿಯ ಆಸ್ತಿಯಲ್ಲಿ ಗಂಡು, ಹೆಣ್ಣುಮಕ್ಕಳಿಗೆ ಸಮಪಾಲು. ಹಿಂದೂ ಕುಟುಂಬಗಳಲ್ಲಿಯೂ 2005ರ ತಿದ್ದುಪಡಿಯ ನಂತರ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕಿದೆ. ಹತ್ತಿಪ್ಪತ್ತು ಸೆಂಟ್ಸ್ ಜಾಗದಲ್ಲಿ ಪಾಲು ಕೇಳಲು ಅನೇಕರಿಗೆ ಮನಸ್ಸಾಗದು. ಜಗಳ ಬೇಡವೆಂಬ ಅವರ ಭಾವನೆ ನಮಗೂ ಅರ್ಥವಾಗುತ್ತದೆ. ಅಂಥವರು ಕನಿಷ್ಠಪಕ್ಷ ಒಂದು ಕೋಣೆ, ಬಾವಿಯ ನೀರು, ಬಂದುಹೋಗುವ ದಾರಿ ಇವುಗಳ ಮೇಲೆ ಜೀವಮಾನದ ವಾಸದ ಹಕ್ಕನ್ನು ಪಾಲುಪತ್ರದಲ್ಲಿ ಬರೆಸಿ ನೋಂದಣಿ ಮಾಡಿಸಿಕೊಳ್ಳಲಿ. ಅಣ್ಣನ ಕಾಲದಲ್ಲಿ ನಡೆದ ಬಾಯಿಮಾತು ಅಣ್ಣನ ಮಕ್ಕಳ ಕಾಲಕ್ಕೆ ನಡೆಯದಿರುವುದನ್ನು ನಾವು ಕಂಡಿದ್ದೇವೆ.

ಪಡಿತರ ಚೀಟಿಯ ವಿಷಯವೂ ಇದೆ. ಹಳ್ಳಿಗಳಲ್ಲಿ ಬಸವ ವಸತಿಯಂತಹ ಯೋಜನೆಗಳ ಫಲಾನುಭವಿಗಳ ಆಯ್ಕೆ ಗ್ರಾಮಸಭೆಯಲ್ಲಿ ನಡೆಯುತ್ತದೆ. ಹೆಸರು ಅಣ್ಣನ ಚೀಟಿಯಲ್ಲಿಯೇ ಉಳಿದಿದ್ದರೆ, ಈ ಕುಟುಂಬಕ್ಕೆ ಮನೆಯಿದೆಯೆಂದು ಅರ್ಜಿ ಬದಿಗೆ ಬೀಳುವ ಸಂಭವವಿದೆ.

ಬಾಡಿಗೆಗೆ ಹುಡುಕುವವರು ಊರನ್ನು ನೋಡಿ ಲೆಕ್ಕ ಹಾಕಬೇಕು. ಮೂಡಬಿದಿರೆಯ ವಿದ್ಯಾಗಿರಿ, ಬೆಳ್ತಂಗಡಿ ತಾಲೂಕಿನ ಉಜಿರೆ ಕಾಲೇಜುಗಳ ಊರುಗಳು. ಅಲ್ಲಿ ನಾಲ್ವರು ವಿದ್ಯಾರ್ಥಿಗಳು ಕೂಡಿ ಕೊಡಬಲ್ಲ ಬಾಡಿಗೆಯನ್ನು ಒಬ್ಬರೇ ಕೊಡಬೇಕಾದೀತು. ಎರಡು ಮೂರು ಸ್ಟಾಪ್ ಒಳಗೆ ಹೋದರೆ ಬಾಡಿಗೆ ಇಳಿಯುತ್ತದೆ, ಬಸ್ಸಿನ ಖರ್ಚು ಏರುತ್ತದೆ. 2023ರಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ಮಹಿಳೆಯರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟಿಲ್ಲ ನಿಜ, ಆದರೆ ಅದು ಖಾಸಗಿ ಬಸ್ಸಿಗೆ ಅನ್ವಯಿಸದು. ಬಿ.ಸಿ.ರೋಡಿನಿಂದ ಧರ್ಮಸ್ಥಳದ ದಾರಿಯಲ್ಲಿ ಸರ್ಕಾರಿ ಬಸ್ಸುಗಳು ಸಿಗುತ್ತವೆ. ಮೂಡಬಿದಿರೆ ಕಡೆ ಖಾಸಗಿಯದ್ದೇ ಕಾರುಬಾರು. ದಿನಾಲೂ ಪೇಟೆಗೆ ಹೋಗಿ ದುಡಿಯುವ ಹೆಣ್ಣುಮಗಳಿಗೆ ಇದು ಸಣ್ಣ ವ್ಯತ್ಯಾಸವಲ್ಲ. ಗೃಹಜ್ಯೋತಿ ಬಾಡಿಗೆದಾರರಿಗೂ ಇದೆ, ಆದ್ದರಿಂದ ಪ್ರತ್ಯೇಕ ಮೀಟರ್ ಇದೆಯೇ ಕೇಳಿ. ಒಂದು ವರ್ಷ ಮೀರಿದ ಕರಾರಿಗೆ ನೋಂದಣಿ ಕಡ್ಡಾಯವಾದುದರಿಂದ 11 ತಿಂಗಳಿಗೆ ಬರೆಯುವ ರೂಢಿ ಬಂದಿದೆ. ಅಡ್ವಾನ್ಸ್ ಎಷ್ಟು, ಮನೆ ಬಿಡಿಸಬೇಕಾದರೆ ಎಷ್ಟು ತಿಂಗಳ ಮುಂಚೆ ತಿಳಿಸಬೇಕು ಎಂಬುದು ಅದರಲ್ಲಿ ಇರಲೇಬೇಕು. ಒಂಟಿಯವರಿಗೆ ಮನೆ ಕೊಡಲು ಹಿಂಜರಿಯುವ ಮಾಲೀಕರು ನಮ್ಮಲ್ಲಿಯೂ ಇದ್ದಾರೆ, ಇದು ನಾಚಿಕೆಯ ಸಂಗತಿ.

ಸ್ವಂತಕ್ಕೆ ಕೊಳ್ಳುವವರಿಗೆ ಅಗ್ಗದ ಐದು ಸೆಂಟ್ಸ್ ಜಾಗವೇ ದೊಡ್ಡ ಬಲೆ. ಕೃಷಿಭೂಮಿ ಪರಿವರ್ತನೆಯಾಗಿದೆಯೇ, ಪಂಚಾಯತ್‌ನಿಂದ ‘ನೈನ್-ಇಲೆವೆನ್’ ಸಿಗುತ್ತದೆಯೇ, ದಾರಿ ದಾಖಲೆಯಲ್ಲಿದೆಯೇ ಎಂದು ನೋಡದೆ ಮುಂಗಡ ಕೊಡಬಾರದು. ಇವಿಲ್ಲದಿದ್ದರೆ ಬ್ಯಾಂಕ್ ಸಾಲವೂ ಕಷ್ಟ. ಪೇಟೆಯ ವ್ಯಾಪ್ತಿಯಲ್ಲಿ ಕೊಳ್ಳುವವರಿಗೆ 2024ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆ-ನಗರ 2.0ರಲ್ಲಿ ಬಡ್ಡಿ ಸಹಾಯಧನವಿದೆ. ವಾರ್ಷಿಕ ಆದಾಯ 9 ಲಕ್ಷ ರೂಪಾಯಿ, ಸಾಲ 25 ಲಕ್ಷ, ಮನೆಯ ಬೆಲೆ 35 ಲಕ್ಷ ಮೀರಬಾರದು. ಸಹಾಯಧನ ಹೆಚ್ಚೆಂದರೆ 1.80 ಲಕ್ಷ. ವಿಧವೆಯರು ಮತ್ತು ಒಂಟಿ ಮಹಿಳೆಯರಿಗೆ ಯೋಜನೆಯಲ್ಲಿ ಆದ್ಯತೆ ಇದೆ. ದೇಶದಲ್ಲಿ ಎಲ್ಲಿಯೂ ಪಕ್ಕಾ ಮನೆ ಇರಬಾರದು ಎಂಬುದು ಷರತ್ತು.

ಜಾಗವನ್ನು ಬೇಸಿಗೆಯಲ್ಲಿ ಒಮ್ಮೆ, ಜುಲೈಯಲ್ಲಿ ಇನ್ನೊಮ್ಮೆ ಹೋಗಿ ನೋಡಿ. ಬೇಸಿಗೆಯಲ್ಲಿ ಬಾವಿಯ ನೀರು ತಿಳಿಯುತ್ತದೆ. ಮಳೆಗಾಲದಲ್ಲಿ ನೇತ್ರಾವತಿ ಎಲ್ಲಿಯವರೆಗೆ ಬರುತ್ತದೆಂದು ನೆರೆಮನೆಯವರು ತೋರಿಸುತ್ತಾರೆ. 2019ರ ಆಗಸ್ಟ್‌ನ ನೆರೆಯಲ್ಲಿ ನೀರು ಎಲ್ಲಿ ನಿಂತಿತ್ತೆಂದು ಬಂಟ್ವಾಳ, ಬೆಳ್ತಂಗಡಿಯ ಹೊಳೆಬದಿಯವರಿಗೆ ಚೆನ್ನಾಗಿ ನೆನಪಿದೆ.