ನೆರವು ಕೊಟ್ಟರು, ರಿಯಾಕ್ಟರ್ ಮುಚ್ಚಿಸಿದರು

ಯುರೋಪಿಯನ್ ಒಕ್ಕೂಟ ಸೇರಬೇಕಾದ್ರೆ ದೇಶವೊಂದು ತನ್ನ ಕಾನೂನು, ರಸ್ತೆ, ಕಾರ್ಖಾನೆಗಳನ್ನು ಅಲ್ಲಿನ ಮಟ್ಟಕ್ಕೆ ತರಬೇಕು. ಅದಕ್ಕೆ ದುಡ್ಡು? ಸೇರೋ ಮೊದಲೇ ಒಕ್ಕೂಟ ಒಂದಿಷ್ಟು ಕೊಡುತ್ತೆ. 1989ರಲ್ಲಿ ಪೋಲೆಂಡ್, ಹಂಗೇರಿಗಾಗಿ ಶುರುವಾದ ‘ಫಾರ್’ ಯೋಜನೆ ಆಮೇಲೆ ಬೇರೆ ದೇಶಗಳಿಗೂ ಸಿಕ್ಕಿತು.

ಲಿಥುವೇನಿಯಾವನ್ನೇ ನೋಡಿ. ಅಲ್ಲಿನ ಇಗ್ನಾಲಿನಾ ಅಣುಸ್ಥಾವರದ ಎರಡೂ ರಿಯಾಕ್ಟರ್‌ಗಳು ಚೆರ್ನೋಬಿಲ್ ಮಾದರಿಯವು. ದೇಶದ ಕರೆಂಟಿನ ಬಹುಪಾಲು ಬರ್ತಿದ್ದದ್ದೂ ಅಲ್ಲಿಂದಲೇ. ಸದಸ್ಯತ್ವ ಬೇಕಾದ್ರೆ ಅವನ್ನು ಮುಚ್ಚಬೇಕು ಅನ್ನೋದು ಷರತ್ತು. ಮುಚ್ಚೋ ಖರ್ಚಿಗೆ ನೆರವು. 2004ರ ಮೇ 1ರಂದು ಲಿಥುವೇನಿಯಾ ಒಕ್ಕೂಟ ಸೇರಿತು. ಆ ವರ್ಷದ ಕೊನೇ ದಿನ ಮೊದಲ ರಿಯಾಕ್ಟರ್ ನಿಂತಿತು, 2009ರ ಕೊನೇ ದಿನ ಎರಡನೇದು. ಕರೆಂಟ್ ಮಾರುತ್ತಿದ್ದ ದೇಶ ಕೊಳ್ಳೋ ದೇಶವಾಯ್ತು.

ಹಾಗಾಗಿ ಇದನ್ನ ದಾನ ಅನ್ನೋಕಾಗಲ್ಲ, ಒಪ್ಪಂದ ಅನ್ನಬೇಕು. ಸ್ಥಾವರ ಕಳಚೋ ಕೆಲಸ ಮಾತ್ರ ದಶಕಗಳದ್ದು.