ಅರ್ಹತಾ ಸುತ್ತಿನ ನಡುವೆ ತರಬೇತುದಾರ ಬದಲಾದಾಗ: ಸಿಂಗಪುರ ಮತ್ತು ಭಾರತ, 2025

ಸಿಂಗಪುರವು ಭೂಮಧ್ಯರೇಖೆಗೆ ಸುಮಾರು ಒಂದು ಡಿಗ್ರಿ ಉತ್ತರಕ್ಕಿದೆ. ಒನ್-ನಾರ್ತ್ ಬಡಾವಣೆಗೆ ಆ ಹೆಸರು ಬಂದದ್ದು ಅದರಿಂದಲೇ. ಇಲ್ಲಿನ ಫ್ಯೂಷನೊಪೊಲಿಸ್, ಬಯೊಪೊಲಿಸ್ ಕಟ್ಟಡಗಳಲ್ಲಿ ದುಡಿಯುವ, ಫುಟ್‌ಬಾಲ್ ಪ್ರೀತಿಯುಳ್ಳ ಕನ್ನಡಿಗರಿಗೆ 2025ರ ಅಕ್ಟೋಬರ್ 9 ಇಕ್ಕಟ್ಟಿನ ದಿನವಾಗಿತ್ತು. ಒನ್-ನಾರ್ತ್ ನಿಲ್ದಾಣದಲ್ಲಿ ಸರ್ಕಲ್ ಲೈನ್ ರೈಲು ಹತ್ತಿದರೆ ಗಾಡಿ ಬದಲಿಸದೆ ಕಾಲಾಂಗ್‌ನ ರಾಷ್ಟ್ರೀಯ ಕ್ರೀಡಾಂಗಣ ತಲುಪಬಹುದು. ಅಂದು ಅಲ್ಲಿ ಏಷ್ಯನ್ ಕಪ್ ಅರ್ಹತಾ ಸುತ್ತಿನ ಸಿಂಗಪುರ–ಭಾರತ ಪಂದ್ಯವಿತ್ತು. ಇಲ್ಲಿಯೇ ಬೆಳೆದು ರಾಷ್ಟ್ರೀಯ ಸೇವೆಯ ಎರಡು ವರ್ಷ ಮುಗಿಸಿದ ಮಗ ಕೆಂಪು ಅಂಗಿಯ ಕಡೆ, ಬೆಂಗಳೂರಿನಿಂದ ಬಂದ ತಂದೆ ನೀಲಿ ಅಂಗಿಯ ಕಡೆ ಎಂಬಂಥ ಮನೆಗಳು ಈ ಊರಿನಲ್ಲಿ ಅಪರೂಪವಲ್ಲ. ಆದರೆ ಆ ಸಲ ಇಬ್ಬರಿಗೂ ಒಂದು ಸಮಾನ ದೂರಿತ್ತು: ಎರಡೂ ತಂಡಗಳು ಅರ್ಹತಾ ಸುತ್ತು ಅರ್ಧ ಸಾಗಿರುವಾಗಲೇ ತರಬೇತುದಾರರನ್ನು ಕಳೆದುಕೊಂಡು, ಹೊಸಬರನ್ನು ಕೂರಿಸಿಕೊಂಡಿದ್ದವು.

ಮೊದಲಿಗೆ ಪಂದ್ಯಾವಳಿಯ ರಚನೆಯನ್ನು ತಿಳಿಯಬೇಕು. 2027ರಲ್ಲಿ ಸೌದಿ ಅರೇಬಿಯಾದಲ್ಲಿ ನಡೆಯಲಿರುವ ಏಷ್ಯನ್ ಕಪ್‌ಗೆ 24 ತಂಡಗಳು. ಅವುಗಳಲ್ಲಿ 18 ಮೊದಲೇ ಅರ್ಹತೆ ಪಡೆದಿದ್ದವು. ಉಳಿದ ಆರು ಸ್ಥಾನಗಳಿಗೆ ನಾಲ್ಕು ನಾಲ್ಕು ತಂಡಗಳ ಆರು ಗುಂಪುಗಳು. ಗುಂಪಿನಲ್ಲಿ ಮೊದಲ ಸ್ಥಾನ ಪಡೆದವರಿಗೆ ಮಾತ್ರ ಪ್ರವೇಶ. ಅಂದರೆ ಒಂದು ತಂಡಕ್ಕೆ ಒಟ್ಟು ಆರೇ ಪಂದ್ಯ. ಎರಡು ತಪ್ಪಿದರೆ ಮೂರನೆಯದಕ್ಕೆ ಎಡೆಯಿಲ್ಲ. ‘ಸಿ’ ಗುಂಪಿನಲ್ಲಿ ಭಾರತ, ಸಿಂಗಪುರ, ಹಾಂಗ್‌ಕಾಂಗ್, ಬಾಂಗ್ಲಾದೇಶ ಇದ್ದವು.

ಎರಡು ಪಂದ್ಯ ಮುಗಿದಾಗ, ಅಂದರೆ 2025ರ ಜೂನ್ 10ರ ರಾತ್ರಿ, ಸಿಂಗಪುರ ಮತ್ತು ಹಾಂಗ್‌ಕಾಂಗ್ ನಾಲ್ಕು ನಾಲ್ಕು ಅಂಕಗಳಲ್ಲಿದ್ದವು; ಭಾರತ, ಬಾಂಗ್ಲಾದೇಶಗಳಿಗೆ ಒಂದೊಂದು. ಬದಲಾವಣೆ ನಡೆದದ್ದು ಇದಾದ ಮೇಲೆ. ಅದೇ ತಿಂಗಳು ಸಿಂಗಪುರದ ಜಪಾನೀ ತರಬೇತುದಾರ ತ್ಸುತೊಮು ಒಗುರಾ ವೈಯಕ್ತಿಕ ಕಾರಣದಿಂದ ಹುದ್ದೆ ತೊರೆದರು. ಭಾರತದ ಸ್ಪೇನಿನ ತರಬೇತುದಾರ ಮನೊಲೊ ಮಾರ್ಕೆಸ್ ಜುಲೈ ಆರಂಭದಲ್ಲಿ ಒಕ್ಕೂಟದೊಡನೆ ಪರಸ್ಪರ ಒಪ್ಪಿಗೆಯ ಮೇರೆಗೆ ಬೇರೆಯಾದರು. ಒಬ್ಬರು ಗುಂಪಿನ ಮೇಲ್ತುದಿಯಲ್ಲಿದ್ದಾಗ ಹೋದರೆ, ಇನ್ನೊಬ್ಬರು ಎಂಟು ಪಂದ್ಯಗಳಲ್ಲಿ ಒಂದನ್ನಷ್ಟೇ ಗೆದ್ದು ಹೋದರು. ಹಾಂಗ್‌ಕಾಂಗ್ ಎದುರು ತೊಂಬತ್ತು ನಿಮಿಷ ಮುಗಿದ ಮೇಲೆ ಪೆನಾಲ್ಟಿಯಲ್ಲಿ ಸೋತದ್ದು ಮಾರ್ಕೆಸ್ ಅವರ ಕೊನೆಯ ಪಂದ್ಯವಾಯಿತು.

ಎರಡೂ ಕಡೆ ಹೊಸಬರಾಗಿ ಬಂದವರು ಸ್ವದೇಶೀಯರು. ಸಿಂಗಪುರದಲ್ಲಿ ಟ್ಯಾಂಪೈನ್ಸ್ ರೋವರ್ಸ್ ತಂಡವನ್ನು ಪಳಗಿಸಿದ್ದ, ಒಗುರಾ ಅವರ ಸಹಾಯಕ ಬಳಗದಲ್ಲಿದ್ದ ಗ್ಯಾವಿನ್ ಲೀ ಹಂಗಾಮಿಯಾಗಿ ನೇಮಕಗೊಂಡರು. ವಯಸ್ಸು ಮೂವತ್ತರ ದಶಕದ ನಡುವಿನದು. ಭಾರತದಲ್ಲಿ ಆಗಸ್ಟ್ 1ರಂದು ಜಮ್ಶೆಡ್‌ಪುರ ತಂಡದ ಖಾಲಿದ್ ಜಮೀಲ್ ಆಯ್ಕೆಯಾದರು. 2016–17ರಲ್ಲಿ ಮಿಜೋರಾಮಿನ ಐಜಾಲ್ ತಂಡಕ್ಕೆ ಐ-ಲೀಗ್ ಗೆದ್ದುಕೊಟ್ಟವರು ಇವರೇ. ಸಾವಿಯೊ ಮೆಡೀರಾ ಅವರ ನಂತರ ಹತ್ತು ವರ್ಷಗಳಿಗೂ ಮೀರಿ ಯಾವ ಭಾರತೀಯನೂ ಪೂರ್ಣ ಪ್ರಮಾಣದಲ್ಲಿ ಆ ಹುದ್ದೆಯಲ್ಲಿರಲಿಲ್ಲ.

ಅಭಿಮಾನಿಗಳ ವಾಗ್ವಾದ ಕೂಡಲೇ ‘ನಮ್ಮವನೋ ಹೊರಗಿನವನೋ’ ಎಂಬ ಹಳೆಯ ಜಾಡಿಗೆ ಬಿತ್ತು. ದೇಶೀಯ ಲೀಗಿನ ಆಟಗಾರರ ಗುಣದೋಷ ಬಲ್ಲವನೇ ಬೇಕು ಎಂಬುದು ಒಂದು ಪಕ್ಷ. ಅಂತರರಾಷ್ಟ್ರೀಯ ಮಟ್ಟದಲ್ಲಿ ಮುಖ್ಯ ತರಬೇತುದಾರನಾಗಿ ನಿಂತು ನೋಡದವನ ಕೈಗೆ ಇಂಥ ಹೊತ್ತಿನಲ್ಲಿ ತಂಡವನ್ನು ಕೊಡುವುದು ಹುಂಬತನ ಎಂಬುದು ಇನ್ನೊಂದು. ಸೆಪ್ಟೆಂಬರಿನ ಸ್ನೇಹಪಂದ್ಯದಲ್ಲಿ ಸಿಂಗಪುರ ಮಲೇಷ್ಯಾಕ್ಕೆ 1–2ರಿಂದ ಸೋತಾಗ ಎರಡನೆಯ ಪಕ್ಷದ ದನಿ ಏರಿತು. ಅದೇ ತಿಂಗಳು ಜಮೀಲ್ ಅವರ ಭಾರತ ಮಧ್ಯ ಏಷ್ಯಾದ ಪಂದ್ಯಾವಳಿಯಲ್ಲಿ ಒಮಾನನ್ನು ಪೆನಾಲ್ಟಿಗಳಲ್ಲಿ ಮಣಿಸಿ ಮೂರನೆಯ ಸ್ಥಾನ ಪಡೆಯಿತು. ಇಲ್ಲಿ ಮೊದಲ ಪಕ್ಷದವರು ಬೀಗಿದರು. ಎರಡು ತಿಂಗಳಲ್ಲಿ ಎರಡೂ ಲೆಕ್ಕಗಳು ತಲೆಕೆಳಗಾದವು.

ಇಂಥ ಆರಂಭದ ಹುರುಪನ್ನು ನಂಬಬಾರದೆಂಬ ಪಾಠ ಸಿಂಗಪುರದವರಿಗೆ ಹಿಂದಿನ ವರ್ಷವೇ ಸಿಕ್ಕಿತ್ತು. 2024ರ ಆರಂಭದಲ್ಲಿ, ವಿಶ್ವಕಪ್ ಅರ್ಹತಾ ಸುತ್ತಿನ ನಡುವೆ, ತಾಕಾಯುಕಿ ನಿಶಿಗಾಯಾ ಅವರನ್ನು ತೆಗೆದು ಒಗುರಾ ಅವರನ್ನು ತರಲಾಗಿತ್ತು. ಮಾರ್ಚ್ 21ರಂದು ಅವರ ಮೊದಲ ಪಂದ್ಯದಲ್ಲಿ ಚೀನಾ ಎದುರು 0–2 ಹಿಂದಿದ್ದ ತಂಡ 2–2ಕ್ಕೆ ಏರಿದಾಗ ಜನ ಹೊಸ ಯುಗವೇ ಬಂತೆಂದರು. ಐದು ದಿನಗಳ ಬಳಿಕ ಟಿಯಾಂಜಿನ್‌ನಲ್ಲಿ ಅದೇ ಚೀನಾ 4–1ರಿಂದ ಗೆದ್ದಿತು. ತೀರಾ ಕೆಟ್ಟ ಸೋಲುಗಳ ಬೆನ್ನಿಗೇ ತರಬೇತುದಾರನನ್ನು ಬದಲಿಸುವುದು ವಾಡಿಕೆಯಾದ್ದರಿಂದ, ಮುಂದಿನ ಪಂದ್ಯ ಹೇಗಿದ್ದರೂ ಅದಕ್ಕಿಂತ ಮೇಲಾಗಿ ಕಾಣುವ ಸಂಭವವೇ ಹೆಚ್ಚು. ಆ ಏರಿಕೆಯನ್ನು ಹೊಸಬನ ಖಾತೆಗೆ ಬರೆಯುವುದು ಸುಲಭ, ಆದರೆ ನ್ಯಾಯವಲ್ಲ.

ರಾಷ್ಟ್ರೀಯ ತಂಡದ ತರಬೇತುದಾರನಿಗೆ ನಿಜವಾಗಿ ಇಲ್ಲದಿರುವುದು ಸಮಯ. ಕ್ಲಬ್ಬಿನವನು ತನ್ನ ಆಟಗಾರರನ್ನು ದಿನವೂ ಕಾಣುತ್ತಾನೆ. ಇವನಿಗೆ ಅವರು ಸಿಗುವುದು ಫಿಫಾ ಗೊತ್ತುಪಡಿಸಿದ ಕೆಲವು ಅವಧಿಗಳಲ್ಲಿ, ಅದೂ ಪಂದ್ಯಕ್ಕೆ ಮುಂಚಿನ ಮೂರು ನಾಲ್ಕು ದಿನಗಳ ಮಟ್ಟಿಗೆ. ಅಷ್ಟರಲ್ಲಿ ಹನ್ನೊಂದು ಮಂದಿಯನ್ನು ಆರಿಸಬಹುದು, ಕಾರ್ನರ್, ಫ್ರೀ ಕಿಕ್‌ಗಳ ಏರ್ಪಾಡು ತಿದ್ದಬಹುದು, ಬದಲಿ ಆಟಗಾರನನ್ನು ಯಾವಾಗ ಇಳಿಸಬೇಕೆಂದು ಯೋಚಿಸಬಹುದು. ಓಟದ ದಮ್ಮು, ಪರಸ್ಪರ ಹೊಂದಾಣಿಕೆ, ಪಂದ್ಯಾಭ್ಯಾಸ ಇವೆಲ್ಲ ಕ್ಲಬ್ಬಿನಿಂದ ಬರಬೇಕು. 2025ರ ಜುಲೈಯಲ್ಲಿ ವಾಣಿಜ್ಯ ಹಕ್ಕಿನ ಒಪ್ಪಂದ ನವೀಕರಣವಾಗದೆ ಇಂಡಿಯನ್ ಸೂಪರ್ ಲೀಗ್ ತಡೆಹಿಡಿಯಲ್ಪಟ್ಟಿತು; ಆಗಸ್ಟಿನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ ಸಂಬಳವನ್ನೇ ನಿಲ್ಲಿಸಿರುವುದಾಗಿ ಪ್ರಕಟಿಸಿತು. ಜಮೀಲ್ ಅವರ ರಕ್ಷಣಾತ್ಮಕ ಆಟವನ್ನು ಹಳಿದವರು ಈ ಸಂಗತಿಗೆ ಕೊಡಬೇಕಾದಷ್ಟು ತೂಕ ಕೊಡಲಿಲ್ಲವೆಂದು ನನ್ನ ಎಣಿಕೆ. ಲೀ ಅವರಿಗಾದರೋ ಒಗುರಾ ಬಿಟ್ಟುಹೋದ ಯೋಜನೆ ಒಳಗಿನಿಂದಲೇ ಗೊತ್ತಿತ್ತು. ಆಟಗಾರರು ಹೊಸ ಪಾಠ ಕಲಿಯಬೇಕಾಗಿರಲಿಲ್ಲ.

ಅಕ್ಟೋಬರ್ 9ರಂದು ಮಧ್ಯಂತರಕ್ಕೆ ಮುಂಚೆ ಇಖ್ಸಾನ್ ಫಾಂಡಿ ಗೋಲು ಹೊಡೆದರು. ದ್ವಿತೀಯಾರ್ಧದ ಆರಂಭದಲ್ಲೇ ಸಂದೇಶ್ ಝಿಂಗನ್ ಎರಡನೆಯ ಹಳದಿ ಕಾರ್ಡ್ ಪಡೆದು ಹೊರನಡೆದರು. ಹತ್ತೇ ಮಂದಿಯ ಭಾರತಕ್ಕೆ 90ನೆಯ ನಿಮಿಷದಲ್ಲಿ ರಹೀಂ ಅಲಿ ಸಮಬಲ ತಂದರು. ಆ ರಾತ್ರಿ ಹುಬ್ಬು ಗಂಟಿಕ್ಕಿಕೊಂಡು ಮನೆಗೆ ಹೋದವರು ಕೆಂಪು ಅಂಗಿಯವರು. ಐದು ದಿನಗಳ ನಂತರ ಗೋವಾದ ಮಡಗಾಂವಿನಲ್ಲಿ ಲಾಲಿಯನ್‌ಜುವಾಲಾ ಛಾಂಗ್ಟೆ ಭಾರತವನ್ನು ಮುಂದೆ ತಂದರೂ, ಸಾಂಗ್ ಉಯಿ-ಯಂಗ್ ಎರಡು ಗೋಲು ಹೊಡೆದು 2–1ರ ಗೆಲುವು ತಂದುಕೊಟ್ಟರು. ಭಾರತದ ಹಾದಿ ಅಲ್ಲಿಗೆ ಮುಗಿಯಿತು. ಸ್ವದೇಶೀ ತರಬೇತುದಾರನ ವಿಜಯವೆಂದು ಕೊಂಡಾಡಿದ ಈ ಪಂದ್ಯವನ್ನು ಗೆದ್ದುಕೊಟ್ಟ ಸಾಂಗ್ ಹುಟ್ಟಿದ್ದು ದಕ್ಷಿಣ ಕೊರಿಯಾದಲ್ಲಿ; ಸಿಂಗಪುರದ ಪೌರತ್ವ ಪಡೆದದ್ದು 2021ರಲ್ಲಿ.

‘ನಮ್ಮವನೋ ಹೊರಗಿನವನೋ’ ಎಂಬ ಪ್ರಶ್ನೆ ಎಷ್ಟು ಪೊಳ್ಳೆಂದು ಈ ಗುಂಪು ತೋರಿಸಿದಷ್ಟು ಸ್ಪಷ್ಟವಾಗಿ ಬೇರೆಲ್ಲೂ ತೋರಿಲ್ಲ: ಒಂದೇ ಋತುವಿನಲ್ಲಿ ಇಬ್ಬರೂ ವಿದೇಶಿಯಿಂದ ಸ್ವದೇಶಿಗೆ ಬಂದರು, ಒಬ್ಬರು ಗೆದ್ದರು, ಒಬ್ಬರು ಸೋತರು. ಹಾಗೆಂದು ‘ಬದಲಿಸದಿದ್ದರೆ ಕ್ಷೇಮ’ ಎನ್ನುವಂತೆಯೂ ಇಲ್ಲ. ಹಾಂಗ್‌ಕಾಂಗ್ ತರಬೇತುದಾರನನ್ನು ಬದಲಿಸಲಿಲ್ಲ. ಬೆಂಗಳೂರಿಗರಿಗೆ ಅವರು ಅಪರಿಚಿತರಲ್ಲ: 2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿದಾಗ ಅದರ ಮೊದಲ ತರಬೇತುದಾರರಾಗಿ ಬಂದು, ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದು, 2015–16ರಲ್ಲಿ ಮತ್ತೊಮ್ಮೆ ಗೆದ್ದ ಆಶ್ಲಿ ವೆಸ್ಟ್‌ವುಡ್. ನವೆಂಬರ್ 18ರಂದು ಕೈ ಟಾಕ್ ಕ್ರೀಡಾಂಗಣದಲ್ಲಿ ಅವರ ತಂಡ ಮೊದಲು ಗೋಲು ಹೊಡೆಯಿತು. ದ್ವಿತೀಯಾರ್ಧದಲ್ಲಿ ಶವಾಲ್ ಅನ್ವಾರ್ ಮತ್ತು ಇಲ್ಹಾನ್ ಫಾಂಡಿ ಕೆಲವೇ ನಿಮಿಷಗಳ ಅಂತರದಲ್ಲಿ ಅದನ್ನು ತಿರುಗಿಸಿದರು. ಸಿಂಗಪುರಕ್ಕೆ 11 ಅಂಕ, ಹಾಂಗ್‌ಕಾಂಗ್‌ಗೆ 8. ಇನ್ನೊಂದು ಪಂದ್ಯ ಬಾಕಿಯಿದ್ದರೂ ಸಿಂಗಪುರವನ್ನು ಹಿಡಿಯುವವರಿರಲಿಲ್ಲ. ಅದೇ ರಾತ್ರಿ ಭಾರತ ಢಾಕಾದಲ್ಲಿ ಬಾಂಗ್ಲಾದೇಶಕ್ಕೆ 0–1ರಿಂದ ಸೋತು ಎರಡೇ ಅಂಕಗಳಲ್ಲಿ ಉಳಿಯಿತು.

ಸಿಂಗಪುರ ಇದಕ್ಕೆ ಮೊದಲು ಏಷ್ಯನ್ ಕಪ್ ಆಡಿದ್ದು 1984ರಲ್ಲಿ, ಆತಿಥೇಯ ರಾಷ್ಟ್ರವಾಗಿ. ಅರ್ಹತಾ ಸುತ್ತು ಗೆದ್ದು ಹೋಗುತ್ತಿರುವುದು ಇದೇ ಮೊದಲು. 1984ರ ಆ ಕಪ್ಪಿನಲ್ಲಿ ಸಿಂಗಪುರದ ಗುಂಪಿನಲ್ಲಿ ಭಾರತವೂ ಇತ್ತು. ಅಂದೂ ಸಿಂಗಪುರವೇ 2–0ರಿಂದ ಗೆದ್ದಿತ್ತು. ಕೈ ಟಾಕ್ ಗೆಲುವಿನ ಬಳಿಕ ಲೀ ಅವರ ಹುದ್ದೆಯ ಹಿಂದಿದ್ದ ‘ಹಂಗಾಮಿ’ ಎಂಬ ಪದವನ್ನು ತೆಗೆಯಲಾಯಿತು.