‘ಭಾಗವಹಿಸಿದ್ದೆ’ ಅಂದ್ರೆ ಏನ್ ಮಾಡಿದ್ರಿ?

ಆರನೇ ಸೆಮಿಸ್ಟರ್‌ಗೆ ಬರುತ್ತಿದ್ದಂತೆ ನಮ್ಮ ಕಾಲೇಜಿನಲ್ಲಿ ಪ್ಲೇಸ್‌ಮೆಂಟ್ ತಯಾರಿ ಶುರುವಾಯಿತು. ಮೊದಲ ಕೆಲಸವೇ ರೆಸ್ಯೂಮೆ. ಫೈಲ್ ಬಿಚ್ಚಿದರೆ ಎಂಟು ಸರ್ಟಿಫಿಕೇಟ್ ಸಿಕ್ಕವು. ಎಂಟರ ಮುಂದೆಯೂ ‘ಪಾರ್ಟಿಸಿಪೇಟೆಡ್ ಇನ್’ ಎಂದು ಟೈಪ್ ಮಾಡಿದೆ. ಸರ್ಟಿಫಿಕೇಟಿನಲ್ಲೇ ಹಾಗೆ ಅಚ್ಚಾಗಿತ್ತು. ಕನ್ನಡದಲ್ಲಿ ಎಲ್ಲದಕ್ಕೂ ‘ಭಾಗವಹಿಸಿದ್ದೆ’ ಎನ್ನುತ್ತೇವಲ್ಲ, ಅದರ ಇಂಗ್ಲಿಷ್ ಇದೇ ಎಂದು ನಿಶ್ಚಿಂತೆಯಿಂದಿದ್ದೆ.

ಮಾಕ್ ಇಂಟರ್‌ವ್ಯೂ ದಿನ ಮೇಡಂ ಆ ಪಟ್ಟಿಯ ಮೇಲೆ ಬೆರಳಿಟ್ಟರು. ‘ಐಒಟಿ ವರ್ಕ್‌ಶಾಪ್‌ನಲ್ಲಿ ಪಾರ್ಟಿಸಿಪೇಟ್ ಮಾಡಿದೀರಿ. ಅಲ್ಲಿ ನೀವೇನು ಮಾಡಿದ್ರಿ?’

‘ಕೇಳಿಸಿಕೊಂಡೆ ಮೇಡಂ.’

‘ಕಿಟ್ ಮುಟ್ಟಿದ್ರಾ?’

‘ಇಲ್ಲ ಮೇಡಂ, ತುಂಬಾ ಜನ ಇದ್ರು. ನಾನು ಹಿಂದೆ ಕೂತಿದ್ದೆ.’

‘ಹಾಗಾದ್ರೆ ಅದು ಅಟೆಂಡ್. ಹೋಗಿ ಕೂತು ಬರೋದು ಅಟೆಂಡ್, ಕೈ ಹಾಕೋದು ಪಾರ್ಟಿಸಿಪೇಟ್’ ಎಂದರು. ಕ್ಲಾಸೆಲ್ಲ ನಕ್ಕಿತು. ನನ್ನ ಕಿವಿ ಬಿಸಿಯಾಯಿತು.

ನನ್ನ ನಂತರ ಹೋದವನು ನನ್ನ ರೂಮ್‌ಮೇಟ್. ಅವನದು ಉಲ್ಟಾ ಕಥೆ. ಹ್ಯಾಕಥಾನ್ ಒಂದಕ್ಕೆ ಆರು ಜನರ ತಂಡದಲ್ಲಿ ಹೋಗಿ, ಮಣ್ಣಿನ ತೇವಾಂಶ ಅಳೆದು ತಾನಾಗಿಯೇ ಪಂಪ್ ಚಾಲೂ ಮಾಡುವ ಮಾದರಿಗೆ ಬೆಳಗಿನ ಜಾವದವರೆಗೆ ಕೂತು ಕೋಡ್ ಬರೆದಿದ್ದ. ರೆಸ್ಯೂಮೆಯಲ್ಲಿ ಬರೆದದ್ದು ಮಾತ್ರ ‘ಅಟೆಂಡೆಡ್ ಎ ಹ್ಯಾಕಥಾನ್’! ‘ಇಷ್ಟೆಲ್ಲ ಮಾಡಿ ಹೀಗೆ ಬರೆದ್ರೆ, ಕಂಪನಿಯವರು ನೀವು ನೋಡೋಕೆ ಹೋಗಿದ್ರಿ ಅಂದ್ಕೋತಾರೆ’ ಎಂದರು ಮೇಡಂ. ಒಂದೇ ಪದದಲ್ಲಿ ನಾನು ಮಾಡದ್ದನ್ನು ಹೇಳಿಕೊಂಡಿದ್ದೆ, ಅವನು ಮಾಡಿದ್ದನ್ನು ಕಳೆದುಕೊಂಡಿದ್ದ.

ಅಂದು ರಾತ್ರಿ ಹಾಸ್ಟೆಲ್‌ನಲ್ಲಿ ಇಬ್ಬರೂ ಡಿಕ್ಷನರಿ ಹಿಡಿದು ಕೂತೆವು. ನಮಗೆ ಅರ್ಥವಾದದ್ದು ಇಷ್ಟು. ಕ್ಲಾಸು, ಮೀಟಿಂಗು, ಮದುವೆ, ಅಂತ್ಯಕ್ರಿಯೆ ಇವಕ್ಕೆಲ್ಲ ‘ಅಟೆಂಡ್’. ಅದರ ಮುಂದೆ ‘ಇನ್’ ಬೇಡ. ‘ಟು’ ಸೇರಿಸಿದರೆ ಅರ್ಥವೇ ಬದಲಾಗಿ, ಒಂದು ಕೆಲಸವನ್ನೋ ರೋಗಿಯನ್ನೋ ನೋಡಿಕೊಳ್ಳುವುದು ಎಂದಾಗುತ್ತದೆ. ಅಕ್ಕನ ಮದುವೆಗೆ ಹೋಗಿ ಬಂದು ‘ಪಾರ್ಟಿಸಿಪೇಟೆಡ್ ಇನ್ ದ ಮ್ಯಾರೇಜ್’ ಎಂದರೆ, ಪೌರೋಹಿತ್ಯ ನಿಮ್ಮದೇ ಇತ್ತಾ ಎಂದು ಯಾರಾದರೂ ಕೇಳಿಯಾರು!

‘ಪಾರ್ಟಿಸಿಪೇಟ್’ ಮತ್ತು ‘ಟೇಕ್ ಪಾರ್ಟ್’ ಎರಡರ ಅರ್ಥ ಒಂದೇ, ಎರಡಕ್ಕೂ ‘ಇನ್’ ಬೇಕು. ಮೊದಲನೆಯದು ಬರವಣಿಗೆಗೆ ಒಪ್ಪುತ್ತದೆ, ಎರಡನೆಯದು ಮಾತಿಗೆ. ಕ್ಲಬ್ಬೋ ಕಂಪನಿಯೋ ಸೇರಿದರೆ ‘ಜಾಯಿನ್’. ನಮ್ಮಲ್ಲಿ ಬಹಳ ಜನ ‘ಜಾಯಿನ್ಡ್ ಟು ದ ಕಂಪನಿ’ ಎನ್ನುತ್ತೇವೆ, ಅಲ್ಲಿ ‘ಟು’ ತಪ್ಪು. ‘ಕಂಪನಿಗೆ ಸೇರಿದೆ’ ಎಂಬುದರ ‘ಗೆ’ ನಮ್ಮ ಇಂಗ್ಲಿಷಿಗೂ ನುಸುಳುತ್ತದೆ. ಆಗಲೇ ನಡೆಯುತ್ತಿರುವ ಆಟಕ್ಕೋ ಹಾಡಿಗೋ ನಾವೂ ಕೂಡಿಕೊಂಡರೆ ‘ಜಾಯಿನ್ ಇನ್’. ಇನ್ನು ‘ಇನ್ವಾಲ್ವ್ಡ್ ಇನ್’. ಅದು ಪ್ರಾಜೆಕ್ಟಿಗೂ ಬರುತ್ತದೆ, ಪೊಲೀಸ್ ಕೇಸಿಗೂ ಬರುತ್ತದೆ. ಏನು ಮಾಡಿದೆವೆಂದು ಮಾತ್ರ ಹೇಳುವುದಿಲ್ಲ. ಅದರ ಬದಲು ‘ಡಿಸೈನ್ಡ್’, ‘ಟೆಸ್ಟೆಡ್’ ಎಂದು ಮಾಡಿದ ಕೆಲಸವನ್ನೇ ಬರೆಯುವುದು ವಾಸಿ.

ಹಾಗಾದರೆ ಕನ್ನಡಕ್ಕೆ ಈ ವ್ಯತ್ಯಾಸ ಗೊತ್ತಿಲ್ಲವೇ ಎಂದು ಯೋಚಿಸಿದೆ. ಡಿಕ್ಷನರಿ ಪ್ರಕಾರ ‘ಪಾರ್ಟಿಸಿಪೇಟ್’ ಲ್ಯಾಟಿನ್ ಮೂಲದ್ದು, ‘ಭಾಗ’ ಮತ್ತು ‘ತೆಗೆದುಕೊಳ್ಳು’ ಎಂಬೆರಡು ಪದ ಸೇರಿ ಆದದ್ದು. ನಮ್ಮ ‘ಪಾಲ್ಗೊಳ್ಳು’ ಕೂಡ ಪಾಲು ಮತ್ತು ಕೊಳ್ಳು ಸೇರಿಯೇ ಆಗಿದೆ! ‘ಹಾಜರಾಗು’, ‘ಸೇರು’, ‘ತೊಡಗಿಸಿಕೊಳ್ಳು’ ಎಲ್ಲವೂ ನಮ್ಮಲ್ಲಿವೆ. ‘ಭಾಗವಹಿಸು’ ಎಂಬುದರಲ್ಲೂ ‘ವಹಿಸು’ ಇದೆ, ಹೊಣೆ ಹೊರುವುದು ಎಂದರ್ಥ. ನಾವೇ ಆ ಹೊಣೆ ಕಳಚಿ ಪದವನ್ನಷ್ಟೇ ಇಟ್ಟುಕೊಂಡಿದ್ದೇವೆ.

ಊರಿಗೆ ಫೋನ್ ಮಾಡಿದಾಗ ಅಪ್ಪ ಗ್ರಾಮಸಭೆಗೆ ಹೋಗಿ ಬಂದಿದ್ದರು. ‘ಏನ್ ಮಾತಾಡಿದ್ರಿ ಅಪ್ಪಾ?’ ಎಂದೆ. ‘ಮಾತೆಲ್ಲಿ ಮಗಾ, ಸಹಿ ಹಾಕಿ ಬಂದೆ. ಮೋರಿ ವಿಷಯ ಕೇಳ್ಬೇಕಿತ್ತು’ ಎಂದರು. ನಗಲು ಹೋಗಿ ಸುಮ್ಮನಾದೆ. ನಾನು ಮೂರು ವರ್ಷ ಕಾಲೇಜಿನಲ್ಲಿ ಮಾಡಿದ್ದೂ ಅದನ್ನೇ. ಅಟೆಂಡೆನ್ಸ್ ಶಾರ್ಟೇಜ್ ಆಗದಂತೆ ನೋಡಿಕೊಂಡಿದ್ದೆ, ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ.

ರೆಸ್ಯೂಮೆ ತಿದ್ದಿದೆ. ಎಂಟರಲ್ಲಿ ಆರು ‘ಅಟೆಂಡೆಡ್’ ಆದವು. ‘ಪಾರ್ಟಿಸಿಪೇಟೆಡ್’ ಉಳಿದದ್ದು ಎರಡಕ್ಕೆ ಮಾತ್ರ. ಒಂದು ಕ್ವಿಜ್, ಇನ್ನೊಂದು ಏಳು ದಿನ ಇಂಗುಗುಂಡಿ ತೋಡಿದ ಎನ್ಎಸ್ಎಸ್ ಶಿಬಿರ. ಪಟ್ಟಿ ಬಡವಾಗಿ ಕಂಡಿತು, ಹೆದರಿಕೆಯೂ ಆಯಿತು. ಆದರೆ ಈಗ ಯಾರಾದರೂ ‘ಅಲ್ಲಿ ಏನು ಮಾಡಿದ್ರಿ?’ ಎಂದರೆ ಹೇಳಲು ಉತ್ತರವಿದೆ. ರೂಮ್‌ಮೇಟ್‌ನ ಒಂದು ಸಾಲು ಮೂರು ಸಾಲಾಗಿದೆ.

ಕಳೆದ ಶನಿವಾರ ಇನ್ನೊಂದು ವರ್ಕ್‌ಶಾಪ್ ಇತ್ತು. ಮೊದಲ ಸಾಲಿನಲ್ಲಿ ಕೂತು ಕಿಟ್ ಕೈಗೆತ್ತಿಕೊಂಡೆ. ವೈರ್ ತಪ್ಪಾಗಿ ಸೇರಿಸಿದ್ದಕ್ಕೆ ಮೊದಲ ಸಲ ಎಲ್‌ಇಡಿ ಹತ್ತಲೇ ಇಲ್ಲ. ಪಕ್ಕದವರನ್ನು ಕೇಳಿ ಸರಿಮಾಡಿದೆ. ಅದನ್ನು ರೆಸ್ಯೂಮೆಗೆ ಸೇರಿಸುವಾಗ ಯಾವ ಪದ ಬಳಸಲಿ ಎಂದು ಯೋಚಿಸಬೇಕಾಗಲಿಲ್ಲ.